ಏಸಿಯಲ್ಲಿ ಐಸ್ ಕಟ್ಟಿದೆಯಾ? ಗ್ಯಾಸ್ ತುಂಬಿಸೋ ಮೊದಲು ಇದನ್ನು ಓದಿ

ಹೊರಗೆ ಸುಡು ಬಿಸಿಲು. ಅಂಗಡಿಯ ಏಸಿ ಬೆಳಗ್ಗೆಯಿಂದ ಓಡ್ತಾನೇ ಇದೆ, ಆದ್ರೆ ತಂಪಿಲ್ಲ. ಮುಚ್ಚಳ ತೆಗೆದು ನೋಡಿದ್ರೆ ಒಳಗೆ ಬಿಳಿ ಐಸ್! ಬಂದ ಮೆಕ್ಯಾನಿಕ್ ನೋಡಿದ ಕೂಡಲೇ 'ಗ್ಯಾಸ್ ಖಾಲಿ ಸರ್' ಅಂದ್ರೆ ತಕ್ಷಣ ದುಡ್ಡು ಬಿಚ್ಚಬೇಡಿ. ಐಸ್ ಕಟ್ಟೋಕೆ ಗ್ಯಾಸ್ ಒಂದೇ ಕಾರಣ ಅಲ್ಲ.

ಐಸ್ ಬರೋದು ಹೇಗೆ?

ಒಳಗಿನ ಯೂನಿಟ್‌ನ ಕೂಲಿಂಗ್ ಕಾಯಿಲ್‌ನಲ್ಲಿ ಗ್ಯಾಸ್ ದ್ರವದಿಂದ ಆವಿಯಾಗುತ್ತಾ ಕೋಣೆಯ ಬಿಸಿಯನ್ನು ಹೀರಿಕೊಳ್ಳುತ್ತದೆ. ಕಾಯಿಲ್ ಮೇಲೆ ಗಾಳಿ ಚೆನ್ನಾಗಿ ಹಾಯುತ್ತಿದ್ದರೆ ಅದು ಸೊನ್ನೆ ಡಿಗ್ರಿಗಿಂತ ಮೇಲೆಯೇ ಇರುತ್ತದೆ. ಗಾಳಿಯಲ್ಲಿನ ತೇವ ನೀರಾಗಿ ಪೈಪಿನಲ್ಲಿ ಹೊರಗೆ ಹೋಗುತ್ತದೆ. ಕಾಯಿಲ್ ಸೊನ್ನೆಗಿಂತ ಕೆಳಗಿಳಿದರೆ ಅದೇ ನೀರು ಐಸ್ ಆಗುತ್ತದೆ. ಐಸ್ ಗಾಳಿಗೆ ಅಡ್ಡ ನಿಲ್ಲುತ್ತದೆ, ಗಾಳಿ ಕಡಿಮೆಯಾದಷ್ಟೂ ಐಸ್ ಇನ್ನೂ ಬೆಳೆಯುತ್ತದೆ.

ಕಾರಣಗಳೇನು?

1. ಫಿಲ್ಟರ್ ಕೊಳೆ: ರಸ್ತೆ ಧೂಳು, ಬಟ್ಟೆ ಅಂಗಡಿಯ ನೂಲು ಫಿಲ್ಟರ್ ಮುಚ್ಚಿದರೆ ಗಾಳಿ ಹೋಗಲ್ಲ. ಮೊದಲು ನೋಡಬೇಕಾದ್ದು ಇದನ್ನೇ.

2. ಬ್ಲೋವರ್ ನಿಧಾನ: ಫ್ಯಾನಿಗೆ ಧೂಳು ಮೆತ್ತಿದ್ರೂ, ಮೋಟಾರ್ ಸೋತಿದ್ರೂ ಇದೇ ಕಥೆ.

3. ಗ್ಯಾಸ್ ಕಡಿಮೆ: ಒತ್ತಡ ಇಳಿದು ಕಾಯಿಲ್‌ನ ಒಂದು ಭಾಗ ಅತಿಯಾಗಿ ತಣ್ಣಗಾಗುತ್ತದೆ. ಆದರೆ ಏಸಿ ಗ್ಯಾಸ್ ಬೈಕಿನ ಪೆಟ್ರೋಲ್ ಥರ ಉರಿದು ಖಾಲಿ ಆಗಲ್ಲ, ಮುಚ್ಚಿದ ಪೈಪಿನಲ್ಲೇ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಅಂದ್ರೆ ಹೆಚ್ಚಾಗಿ ಎಲ್ಲೋ ಲೀಕ್ ಇದೆ ಅಂತಲೇ ಅರ್ಥ. ಲೀಕ್ ಮುಚ್ಚದೆ ತುಂಬಿಸಿದರೆ ಆ ದುಡ್ಡೂ ಗ್ಯಾಸ್ ಜೊತೆಗೇ ಹೋಗುತ್ತೆ.

ನೀವೇನು ಮಾಡಬೇಕು?

ಕೂಲಿಂಗ್ ನಿಲ್ಲಿಸಿ, ಫ್ಯಾನ್ ಮೋಡ್‌ನಲ್ಲಿ ಐಸ್ ಪೂರ್ತಿ ಕರಗುವ ತನಕ ಬಿಡಿ. ಕೆಳಗೊಂದು ಬಕೆಟ್ ಇಡಿ. ಚಾಕು, ಸ್ಕ್ರೂಡ್ರೈವರ್‌ನಿಂದ ಕೆರೆಯಬೇಡಿ, ಪೈಪ್ ತೂತಾದರೆ ಇರೋ ಗ್ಯಾಸೂ ಹೋಗುತ್ತೆ. ಆಮೇಲೆ ಮೇನ್ ಸ್ವಿಚ್ ಆಫ್ ಮಾಡಿ ಫಿಲ್ಟರ್ ತೆಗೆದು, ತಣ್ಣೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ ಹಾಕಿ. ಧೂಳಿನ ರಸ್ತೆಯ ಅಂಗಡಿಗಳಲ್ಲಿ ಹದಿನೈದು ದಿನಕ್ಕೊಮ್ಮೆ ತೊಳೆದರೆ ಒಳ್ಳೆಯದು.

ಮತ್ತೆ ಐಸ್ ಬಂದ್ರೆ ಮೆಕ್ಯಾನಿಕ್ ಕರೆಸಲೇಬೇಕು. ಐಸ್ ಇದ್ದಾಗಲೇ ಓಡಿಸುತ್ತಾ ಹೋದರೆ ಆವಿಯಾಗದ ದ್ರವ ಕಂಪ್ರೆಸರ್‌ಗೆ ನುಗ್ಗಿ ಅದನ್ನೇ ಕೆಡಿಸಬಹುದು. ಅದರ ಖರ್ಚು ಗ್ಯಾಸಿಗಿಂತ ಎಷ್ಟೋ ಜಾಸ್ತಿ. ಮೆಕ್ಯಾನಿಕ್ ಗ್ಯಾಸ್ ಹಾಕಬೇಕು ಅಂದ್ರೆ ಒಂದೇ ಮಾತು ಕೇಳಿ: 'ಲೀಕ್ ಎಲ್ಲಿದೆ, ತೋರಿಸಿ.'