ಬೇಕೆಂದಾಗ ಬಾರದ ಕೈ, ಬಾಯಿ

ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವವರ ಮನೆಗಳಲ್ಲಿ ಒಂದು ದೂರು ಕೇಳಿಬರುತ್ತದೆ: ‘ತಾನಾಗಿ ಮಾಡ್ತಾರೆ, ನಾವು ಹೇಳಿದ್ರೆ ಮಾತ್ರ ಮಾಡಲ್ಲ.’ ಬಂದ ನೆಂಟರಿಗೆ ಕೈಮುಗಿಯುವವರೇ ವೈದ್ಯರು ‘ನಮಸ್ಕಾರ ಮಾಡಿ ತೋರಿಸಿ’ ಎಂದಾಗ ಕೈಯನ್ನು ಗಾಳಿಯಲ್ಲಿ ತಡಕಾಡಿಸುತ್ತಾರೆ. ಒಂದರಿಂದ ಇಪ್ಪತ್ತರವರೆಗೆ ಎಣಿಸಬಲ್ಲವರು, ‘ಹನ್ನೆರಡು’ ಎಂದಷ್ಟೇ ಹೇಳಿ ಎಂದರೆ ತುಟಿ ನಾಲಿಗೆ ಹೊಂದಿಸಲಾಗದೆ ಒದ್ದಾಡುತ್ತಾರೆ. ನೋಡುವವರು ಇದನ್ನು ಹಟ ಎಂದುಕೊಳ್ಳುತ್ತಾರೆ, ಇಲ್ಲವೇ ಬುದ್ಧಿ ಮಂಕಾಯಿತೆಂದು ಮರುಗುತ್ತಾರೆ. ಎರಡೂ ಅನ್ಯಾಯ. ಇದಕ್ಕೆ ಅಪ್ರಾಕ್ಸಿಯಾ ಎಂಬ ಹೆಸರಿದೆ. ಸ್ನಾಯುಗಳಲ್ಲಿ ಬಲವಿದೆ, ಹೇಳಿದ್ದು ಅರ್ಥವಾಗಿದೆ, ಮಾಡುವ ಮನಸ್ಸೂ ಇದೆ. ಕಲಿತ ಚಲನೆಯನ್ನು ಬೇಕೆಂದಾಗ ಹೆಣೆದು ಕೊಡುವ ಮಿದುಳಿನ ಕೆಲಸ ಮಾತ್ರ ಕೆಟ್ಟಿದೆ. ಒಮ್ಮೆ ಬಂದದ್ದು ಇನ್ನೊಮ್ಮೆ ಬಾರದಿದ್ದರೆ ಅದು ನಟನೆಗೆ ಸಾಕ್ಷಿಯಲ್ಲ, ಈ ಕಾಯಿಲೆಯ ಗುರುತೇ ಅದು.

ಹತ್ತೊಂಬತ್ತನೆಯ ಶತಮಾನದಲ್ಲೇ ಲಂಡನ್ನಿನ ನರವೈದ್ಯ ಜಾನ್ ಹ್ಯೂಲಿಂಗ್ಸ್ ಜಾಕ್ಸನ್ ಇದನ್ನು ಗಮನಿಸಿದ್ದರು. ನಾಲಿಗೆ ಚಾಚಿ ಎಂದರೆ ಚಾಚಲಾರದ ರೋಗಿ, ತುಟಿಗೆ ಅಂಟಿದ ಆಹಾರದ ಚೂರನ್ನು ಅದೇ ನಾಲಿಗೆಯಿಂದ ಸಲೀಸಾಗಿ ನೆಕ್ಕಿಕೊಳ್ಳುತ್ತಿದ್ದ. ಆದರೆ ಈ ತೊಡಕಿಗೆ ಗಟ್ಟಿ ಪುರಾವೆ ಒದಗಿಸಿದವರು ಬರ್ಲಿನ್ನಿನ ಹ್ಯೂಗೋ ಲೀಪ್‌ಮನ್. ಅವರು 1900ರಲ್ಲಿ ವಿವರಿಸಿದ ರೋಗಿ 48 ವರ್ಷದ ಸರ್ಕಾರಿ ಅಧಿಕಾರಿ. ಬುದ್ಧಿಭ್ರಮಣೆಯೆಂದು ಬಗೆದು ಆತನನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಿದ್ದರು. ಮುಂದಿಟ್ಟ ವಸ್ತುಗಳಲ್ಲಿ ಕೇಳಿದ್ದನ್ನು ತೋರಿಸಲು ಆತ ಬಲಗೈ ಚಾಚುತ್ತಿದ್ದ, ತಪ್ಪಾಗಿ ತೋರಿಸುತ್ತಿದ್ದ. ಲೀಪ್‌ಮನ್ ಆ ಬಲಗೈಯನ್ನು ಹಿಡಿದು ನಿಲ್ಲಿಸಿ, ಎಡಗೈಯಿಂದಲೇ ಮಾಡುವಂತೆ ಮಾಡಿದರು. ಎಡಗೈ ಬಹುಪಾಲು ಸರಿಯಾಗಿ ಮಾಡಿತು! ಬುದ್ಧಿ ಹೋಗಿದ್ದರೆ ಎರಡೂ ಕೈ ತಪ್ಪಬೇಕಿತ್ತು. ಅರ್ಥವಾಗದಿದ್ದರೂ ಅಷ್ಟೇ. ಒಂದು ಕೈಯನ್ನು ಹಿಡಿದುಕೊಳ್ಳುವಷ್ಟು ಸರಳವಾದ ಆ ಪರೀಕ್ಷೆ ಒಬ್ಬ ಮನುಷ್ಯನ ಮೇಲಿನ ತೀರ್ಪನ್ನೇ ಬದಲಿಸಿತು.

ಒಬ್ಬ ರೋಗಿಯಿಂದ ಇಷ್ಟೆಲ್ಲ ಹೇಳಬಹುದೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಮಿದುಳಿನ ಎಡಭಾಗಕ್ಕೆ ಪೆಟ್ಟಾದವರಲ್ಲಿ ಭಾಷೆಯೂ ಕೆಡುವುದುಂಟು. ಹಾಗಾದರೆ ಇದೆಲ್ಲ ಮಾತು ತಿಳಿಯದ ತೊಂದರೆಯೇ ಅಲ್ಲವೇ? ಲೀಪ್‌ಮನ್ 1905ರಲ್ಲಿ ಇದಕ್ಕೂ ಉತ್ತರ ಕೊಟ್ಟರು. ಮಿದುಳಿನ ಎಡಕ್ಕೆ ಪೆಟ್ಟಾಗಿ ದೇಹದ ಬಲಭಾಗ ಸೋತ 41 ಜನರಲ್ಲಿ 20 ಮಂದಿಗೆ, ಲಕ್ವ ತಾಗದ ಎಡಗೈಯಲ್ಲೂ ಸನ್ನೆಗಳು ತಪ್ಪುತ್ತಿದ್ದವು. ಆ 20ರಲ್ಲಿ 6 ಜನರಿಗೆ ಭಾಷೆಯ ತೊಂದರೆ ಇರಲೇ ಇಲ್ಲ. ದೇಹದ ಎಡಭಾಗ ಸೋತವರಲ್ಲಿ ಇಂಥ ದೋಷ ಕಾಣಲಿಲ್ಲ. ಕಲಿತ ಚಲನೆಯ ವಿಷಯದಲ್ಲಿ ಮಿದುಳಿನ ಎಡ ಅರ್ಧ ಎರಡೂ ಕೈಗಳಿಗೆ ದಾರಿ ತೋರುತ್ತದೆಂಬ ತಿಳಿವಳಿಕೆ ಬಂದದ್ದು ಹೀಗೆ. ಪರೀಕ್ಷೆಯ ಬಗ್ಗೆ ಮಾತ್ರ ಒಂದು ಎಚ್ಚರ ಬೇಕು. ಹಲ್ಲುಜ್ಜುವುದನ್ನು ಅಭಿನಯಿಸಿ ಎಂದಾಗ ಬೆರಳನ್ನೇ ಬ್ರಷ್ಷಿನಂತೆ ಆಡಿಸಿದರೆ ಪಾಶ್ಚಾತ್ಯ ಪರೀಕ್ಷೆಗಳಲ್ಲಿ ಅದು ತಪ್ಪು. ಹಲ್ಲುಪುಡಿಯನ್ನು ಬೆರಳಿನಿಂದಲೇ ತಿಕ್ಕಿಕೊಂಡು ಬಂದ ನಮ್ಮ ಹಿರಿಯರಿಗೆ ಅದೇ ಸರಿ. ರೋಗಿಯ ಬದುಕನ್ನು ಅರಿಯದೆ ಅಂಕ ಹಾಕಬಾರದು.

ಕೈಗೆ ಆಗುವುದು ಬಾಯಿಗೂ ಆಗುತ್ತದೆ. ಸ್ನಾಯು ಸೋತು ಮಾತು ತೊದಲಿದರೆ ತಪ್ಪು ಹೆಚ್ಚುಕಡಿಮೆ ಒಂದೇ ಬಗೆಯಲ್ಲಿರುತ್ತದೆ. ಮಾತಿನ ಅಪ್ರಾಕ್ಸಿಯಾದಲ್ಲಿ ಹಾಗಲ್ಲ: ಒಂದೇ ಪದ ಈಗ ಒಂದು ಥರ, ಆಮೇಲೆ ಇನ್ನೊಂದು ಥರ ತಪ್ಪಬಹುದು, ಬಾಯಿ ಸರಿಯಾದ ಜಾಗಕ್ಕಾಗಿ ಹುಡುಕಾಡುತ್ತದೆ, ಪದ ಉದ್ದವಾದಷ್ಟೂ ಕಷ್ಟ. ‘ಮನೆ’ ಎಂದವರು ‘ಮನೆಯವರೆಲ್ಲರಿಗೂ’ ಎನ್ನುವಾಗ ಎಡವುತ್ತಾರೆ. ಪ್ರತ್ಯಯ ಸೇರಿಸಿಕೊಂಡು ಬೆಳೆಯುವ ಕನ್ನಡದಲ್ಲಿ ಈ ಹೊರೆ ಸಣ್ಣದಲ್ಲ. ‘ಪಟಕ, ಪಟಕ’ ಎಂದು ಬೇಗಬೇಗ ಹೇಳಿಸಿ ವಾಕ್ ಚಿಕಿತ್ಸಕರು ಪರೀಕ್ಷಿಸುವುದು ಇದನ್ನೇ: ತುಟಿಯಿಂದ ನಾಲಿಗೆಯ ತುದಿಗೆ, ಅಲ್ಲಿಂದ ನಾಲಿಗೆಯ ಹಿಂಭಾಗಕ್ಕೆ ದಾಟುವುದು ಸಾಧ್ಯವೇ ಎಂದು. ಹುಟ್ಟಿನಿಂದಲೇ ಈ ತೊಡಕಿರುವ ಮಕ್ಕಳೂ ಇದ್ದಾರೆ. ತಡವಾಗಿ ಮಾತಾಡುವ ಮಕ್ಕಳೆಲ್ಲರಿಗೂ ಇದು ಇರುವುದಿಲ್ಲ, ನಿಜ; ಆದರೆ ಇದಿರುವ ಮಗುವಿಗೆ ‘ತಾನಾಗಿ ಬರುತ್ತೆ ಬಿಡಿ’ ಎಂದು ಕಾಯುವುದು ಅಭ್ಯಾಸದ ಅಮೂಲ್ಯ ವರ್ಷಗಳನ್ನು ಕಳೆದಂತೆ.

ತಾನಾಗಿ ಮಾಡುತ್ತಾರಲ್ಲ, ಮತ್ತೇಕೆ ಚಿಕಿತ್ಸೆ ಎಂದು ಕೇಳಬಹುದು. ಎಲ್ಲವೂ ತಾನಾಗಿ ಆಗುವುದಿಲ್ಲ ಎಂಬುದೇ ಉತ್ತರ. ಅಂಗಿ ತೊಡುವುದು, ಚಹಾ ಮಾಡುವುದು, ಬಾಚಣಿಗೆ ಹಿಡಿಯುವುದು ಕೂಡ ತಪ್ಪತೊಡಗಿದಾಗ ಮನುಷ್ಯ ಪರಾವಲಂಬಿಯಾಗುತ್ತಾನೆ. ಯಾವ ಕೆಲಸ ಬೇಕೋ ಅದನ್ನೇ ಹಂತಹಂತವಾಗಿ ಕಲಿಸಿದರೆ ಅದು ಮರಳುತ್ತದೆ, ಕಲಿಸದ ಕೆಲಸಕ್ಕೆ ಆ ಲಾಭ ಹಬ್ಬುವುದು ಕಡಿಮೆ ಎಂದು ಜರ್ಮನಿಯ ಗೇಯೋರ್ಗ್ ಗೋಲ್ಡನ್‌ಬರ್ಗ್ 1998ರಲ್ಲಿ ತೋರಿಸಿದರು. ಗಳಿಸಿದ್ದು ಉಳಿದದ್ದು ಮನೆಯಲ್ಲಿ ಅಭ್ಯಾಸ ಮುಂದುವರಿಸಿದವರಿಗೆ. ಮಾತಿಗೂ ಅಭ್ಯಾಸವೇ ಮದ್ದು: ಎದುರು ಕೂತು ಬಾಯಿ ತೋರಿಸುತ್ತ ನಿಧಾನವಾಗಿ ಒಟ್ಟಿಗೆ ಹೇಳುವುದು, ತಾಳ ಹಾಕುವುದು, ಆ ಮನೆಯಲ್ಲಿ ದಿನವೂ ಬೇಕಾಗುವ ಪದಗಳಿಂದ ಶುರುಮಾಡುವುದು. ಇಂಥ ತೊಂದರೆಗಳಿಗಾಗಿಯೇ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ಮನೆಯಲ್ಲಿ ಇಂಥವರಿದ್ದರೆ ‘ನೆಟ್ಟಗೆ ಹೇಳಿ’ ಎಂದು ಗದರಬೇಡಿ. ‘ತಾನಾಗಿ ಬರುತ್ತೆ, ಕೇಳಿದರೆ ಬರಲ್ಲ’ ಎಂಬ ಮಾತನ್ನು ದೂರಾಗಿ ಆಡದೆ, ವೈದ್ಯರ ಮುಂದೆ ಲಕ್ಷಣವೆಂದು ಹೇಳಿ.