ಅನ್ಯಭಾಷಾ ಕಲಿಕೆಯಲ್ಲಿ ಪ್ರೇರಣೆಯ ನಿರಂತರತೆ ಮತ್ತು ಪಠ್ಯಸಾಮಗ್ರಿಯ ಆಯ್ಕೆ: ಕಿತ್ತೂರು–ಧಾರವಾಡ ಸೀಮೆಯ ನಿದರ್ಶನಗಳು

ಸಾರಾಂಶ: ವಯಸ್ಕರ ಅನ್ಯಭಾಷಾ ಕಲಿಕೆ ನಡುದಾರಿಯಲ್ಲಿ ನಿಂತುಹೋಗುವುದಕ್ಕೆ ಕಲಿಯುವವರ ನಿರಾಸಕ್ತಿಯೇ ಕಾರಣವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಪ್ರೇರಣೆಯೂ ಪಠ್ಯಸಾಮಗ್ರಿಯೂ ಒಂದನ್ನೊಂದು ರೂಪಿಸುತ್ತವೆ ಎಂಬುದು ಈ ಲೇಖನದ ವಾದ. ಕನ್ನಡವನ್ನು ಪರಭಾಷೆಯಾಗಿ ಕಲಿತ ವಾಲ್ಟರ್ ಎಲಿಯಟ್, ಫರ್ಡಿನಾಂಡ್ ಕಿಟೆಲ್ ಮತ್ತು ಜಾನ್ ಫೇತ್‌ಫುಲ್ ಫ್ಲೀಟ್ ಅವರ ನಿದರ್ಶನಗಳನ್ನು ಇಲ್ಲಿ ಪರಿಶೀಲಿಸಲಾಗಿದೆ. ಕನ್ನಡದ ಪದರಚನೆ ಮತ್ತು ಉಪಭಾಷಾ ವೈವಿಧ್ಯಗಳನ್ನು ಗಮನದಲ್ಲಿಟ್ಟುಕೊಂಡು ಸಾಮಗ್ರಿಯ ಆಯ್ಕೆಗೆ ಕೆಲವು ಮಾನದಂಡಗಳನ್ನು ಸೂಚಿಸಲಾಗಿದೆ.

ಮುಖ್ಯಪದಗಳು: ಅನ್ಯಭಾಷಾ ಕಲಿಕೆ, ಪ್ರೇರಣೆ, ಪಠ್ಯಸಾಮಗ್ರಿ, ಪದವ್ಯಾಪ್ತಿ, ಉತ್ತರ ಕರ್ನಾಟಕದ ಕನ್ನಡ

1. ಪೀಠಿಕೆ

ಕಿತ್ತೂರಿನ ಸಮೀಪದ ದೇಗಾಂವದಲ್ಲಿ ಗೋವೆಯ ಕದಂಬರ ರಾಣಿ ಕಮಲಾದೇವಿ ಹನ್ನೆರಡನೆಯ ಶತಮಾನದಲ್ಲಿ ಕಟ್ಟಿಸಿದ ಕಮಲನಾರಾಯಣ ದೇಗುಲವಿದೆ. ಅಲ್ಲಿಯ ಶಾಸನಗಳನ್ನು ಓದಿ ಪ್ರಕಟಿಸಿದವರು ಕನ್ನಡವನ್ನು ತಾಯ್ನುಡಿಯಾಗಿ ಪಡೆಯದ ಇಂಗ್ಲಿಷ್ ಅಧಿಕಾರಿ ಫ್ಲೀಟ್. ಇಂದು ಅದೇ ಊರಿನ ಶಾಲೆ, ಬ್ಯಾಂಕು, ಆಸ್ಪತ್ರೆಗಳಿಗೆ ಪರರಾಜ್ಯಗಳಿಂದ ಬಂದವರು ಕನ್ನಡವನ್ನು ಕಲಿಯಬೇಕಾಗಬಹುದು. ಅದೇ ಊರಿನ ತರುಣರು ಉದ್ಯೋಗಕ್ಕಾಗಿ ಇಂಗ್ಲಿಷನ್ನೋ ಜರ್ಮನ್ನನ್ನೋ ಕಲಿಯಬೇಕಾಗಬಹುದು. ದಿಕ್ಕು ಬೇರೆಯಾದರೂ ಪ್ರಶ್ನೆ ಒಂದೇ: ಮೊದಲ ತಿಂಗಳುಗಳ ಉತ್ಸಾಹ ಇಳಿದ ಮೇಲೆ ಕಲಿಕೆಯನ್ನು ಮುನ್ನಡೆಸುವುದು ಯಾವುದು? ಕೈಯಲ್ಲಿ ಯಾವ ಪುಸ್ತಕವಿರಬೇಕು?

ಇದು ಕೇವಲ ಬೋಧನಾಶಾಸ್ತ್ರದ ಪ್ರಶ್ನೆಯಲ್ಲ. ರೋಗಿಯ ಮಾತು ತಿಳಿಯದ ದಾದಿ, ರೈತನ ಸಾಲದ ಕಾಗದವನ್ನು ವಿವರಿಸಲಾಗದ ಬ್ಯಾಂಕಿನ ಅಧಿಕಾರಿ, ಪ್ರವೇಶ ಪರೀಕ್ಷೆಯ ಭಾಷೆಗೆ ಹೆದರಿ ಹಿಂದೆ ಸರಿದ ವಿದ್ಯಾರ್ಥಿ ಇವರೆಲ್ಲರ ಬದುಕಿನಲ್ಲಿ ಅರ್ಧಕ್ಕೆ ನಿಂತ ಕಲಿಕೆಗೆ ಬೆಲೆ ತೆರಬೇಕಾಗುತ್ತದೆ.

2. ಪ್ರೇರಣೆ: ಪರಿಕಲ್ಪನೆಯ ವಿಸ್ತರಣೆ

ಗಾರ್ಡ್ನರ್ ಮತ್ತು ಲ್ಯಾಂಬರ್ಟ್ (1972) ಭಾಷಾ ಕಲಿಕೆಯ ಪ್ರೇರಣೆಯಲ್ಲಿ ಎರಡು ಒಲವುಗಳನ್ನು ಗುರುತಿಸಿದರು. ನೌಕರಿ, ಪರೀಕ್ಷೆಗಳಂತಹ ಪ್ರಯೋಜನವನ್ನು ನೋಡುವುದು ಸಾಧನಾತ್ಮಕ. ಆ ಭಾಷೆಯ ಜನರೊಡನೆ ಬೆರೆಯಬೇಕೆಂಬ ಬಯಕೆಯಿಂದ ಹುಟ್ಟುವುದು ಸಮನ್ವಯಾತ್ಮಕ. ಡೆಸಿ ಮತ್ತು ರಯಾನ್ ಅವರ ಸ್ವಯಂನಿರ್ಧಾರ ಸಿದ್ಧಾಂತವು ಪ್ರೇರಣೆಗೆ ಸ್ವಾಯತ್ತತೆ, ಸಾಮರ್ಥ್ಯದ ಅನುಭವ ಮತ್ತು ಸಂಬಂಧ ಎಂಬ ಮೂರು ಆಧಾರಗಳನ್ನು ಹೇಳಿತು. ಜೋಲ್ತಾನ್ ಡೋರ್ನೈ ಅವರು ಆ ಭಾಷೆಯನ್ನಾಡುವ ತನ್ನ ಭವಿಷ್ಯದ ರೂಪವನ್ನು ಕಲಿಯುವವನು ಎಷ್ಟು ಸ್ಪಷ್ಟವಾಗಿ ಕಲ್ಪಿಸಿಕೊಳ್ಳಬಲ್ಲನೆಂಬುದನ್ನು ಮುಖ್ಯವಾಗಿ ಪರಿಗಣಿಸಿದರು.

ಈ ವಿವೇಚನೆಗಳಿಗೆ ಪದಗಳ ಬಳಕೆಯ ಪ್ರಮಾಣವನ್ನು ಕುರಿತ ಒಂದು ಸರಳ ಸಂಗತಿಯನ್ನು ಜೋಡಿಸಬೇಕು. ಯಾವ ಭಾಷೆಯಲ್ಲಾದರೂ ಕೆಲವೇ ಪದಗಳು ಅತಿ ಹೆಚ್ಚಾಗಿ ಬಳಕೆಯಾಗುತ್ತವೆ; ಉಳಿದ ಬಹುಪಾಲು ಪದಗಳು ಅಪರೂಪಕ್ಕೆ ಬರುತ್ತವೆ. ಮೊದಲು ಕಲಿತ ‘ಬಾ’, ‘ಹೋಗು’, ‘ಬೇಕು’, ‘ಇಲ್ಲ’ ದಿನಕ್ಕೆ ನೂರು ಸಲ ಕಿವಿಗೆ ಬಿದ್ದು, ಕಲಿತ ಶ್ರಮಕ್ಕೆ ಕೂಡಲೇ ಫಲ ಕೊಡುತ್ತವೆ. ಎರಡು ಸಾವಿರದೊಂದನೆಯ ಪದವನ್ನು ಕಲಿಯಲು ಅಷ್ಟೇ ಶ್ರಮ ಬೇಕು. ಆದರೆ ಅದು ಮತ್ತೆ ಎದುರಾಗುವುದು ತಿಂಗಳ ಮೇಲಿರಬಹುದು. ಶ್ರಮ ಸಮವಾಗಿದ್ದರೂ ಪ್ರಗತಿ ಕುಂಠಿತವಾದಂತೆ ತೋರುತ್ತದೆ. ನಡುಹಂತದ ನಿರುತ್ಸಾಹವನ್ನು ವ್ಯಕ್ತಿಯ ದೌರ್ಬಲ್ಯವೆಂದು ಮಾತ್ರ ಭಾವಿಸುವುದು ಆದ್ದರಿಂದಲೇ ಸರಿಯಲ್ಲ; ಅದರ ಒಂದು ಪಾಲು ಭಾಷೆಯ ರಚನೆಯಲ್ಲಿಯೇ ಇದೆ. ಅಪರೂಪದ ಪದಗಳೂ ಬೇಗ ಬೇಗ ಮರಳಿ ಬರುವಂತಹ ಸಾಮಗ್ರಿಯನ್ನು ಆರಿಸುವುದು ಇದಕ್ಕೆ ಪರಿಹಾರ. ಒಂದೇ ವಿಷಯದ ಹತ್ತು ಬರಹಗಳನ್ನು ಓದಿದಾಗ ಆ ವಿಷಯದ ಪದಗಳು ಪುನರಾವರ್ತನೆಯಾಗುತ್ತವೆ. ಹತ್ತು ವಿಷಯಗಳ ಒಂದೊಂದು ಬರಹವನ್ನು ಓದಿದಾಗ ಹಾಗಾಗುವುದಿಲ್ಲ.

3. ಮೂವರು ಕಲಿತವರು

3.1 ವಾಲ್ಟರ್ ಎಲಿಯಟ್. 1824ರ ಕಿತ್ತೂರಿನ ಯುದ್ಧದಲ್ಲಿ ಥ್ಯಾಕರೆ ಹತನಾದಾಗ ಸೆರೆಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ಎಲಿಯಟ್ ಒಬ್ಬರು. ಆಗ ಅವರಿಗೆ ಇಪ್ಪತ್ತೊಂದು ವರ್ಷ. ಕನ್ನಡ ನಾಡಿನ ಆಡಳಿತದಲ್ಲಿ ಮರಾಠಿಯೇ ಮೆರೆಯುತ್ತಿದ್ದ ಕಾಲವದು. ಆಡಳಿತದ ಅಗತ್ಯದಿಂದ ಆರಂಭವಾದ ಅವರ ಭಾಷಾ ಪರಿಚಯವು ಮುಂದೆ ಶಾಸನಗಳ ಕಡೆಗೆ ತಿರುಗಿತು. ಅವರು ಸಂಗ್ರಹಿಸಿದ 595 ಶಾಸನ ಪ್ರತಿಗಳೂ, ಅವುಗಳ ಆಧಾರದಿಂದ 1837ರಲ್ಲಿ ಪ್ರಕಟವಾದ ಪ್ರಬಂಧವೂ ಕರ್ನಾಟಕದ ಇತಿಹಾಸ ರಚನೆಗೆ ತಳಹದಿಯಾದವು. ಸಾಧನಾತ್ಮಕವಾಗಿ ತೊಡಗಿದ ಕಲಿಕೆಯು ಸಾಮಗ್ರಿಯ ಸಂಪರ್ಕದಿಂದಲೇ ಬೇರೊಂದು ಬಗೆಯ ಆಸಕ್ತಿಯಾಗಿ ಮಾರ್ಪಟ್ಟುದನ್ನು ಇಲ್ಲಿ ಕಾಣಬಹುದು.

3.2 ಫರ್ಡಿನಾಂಡ್ ಕಿಟೆಲ್. 1853ರಲ್ಲಿ ಬಾಸೆಲ್ ಮಿಶನ್ನಿನ ಮೂಲಕ ಭಾರತಕ್ಕೆ ಬಂದ ಕಿಟೆಲ್ ಅವರ ಉದ್ದೇಶ ಧರ್ಮಪ್ರಚಾರ. ಆದರೆ ಅವರು ಮತಗ್ರಂಥಗಳ ಅನುವಾದದಷ್ಟಕ್ಕೆ ತಮ್ಮ ಓದನ್ನು ಸೀಮಿತಗೊಳಿಸಲಿಲ್ಲ. 1862ರಲ್ಲಿ ಕನ್ನಡ ಛಂದಸ್ಸಿನಲ್ಲಿಯೇ ‘ಕಥಾಮಾಲೆ’ಯನ್ನು ರಚಿಸಿದರು, 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ಛಂದಶ್ಶಾಸ್ತ್ರವನ್ನೂ ಸಂಪಾದಿಸಿದರು. 1894ರಲ್ಲಿ ಮಂಗಳೂರಿನಿಂದ ಹೊರಬಂದ ಸುಮಾರು 70,000 ನಮೂದುಗಳ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಕಾವ್ಯಪ್ರಯೋಗಗಳ ಜೊತೆಗೆ ಗಾದೆಗಳೂ ಆಡುನುಡಿಯೂ ಸ್ಥಾನ ಪಡೆದಿವೆ. 1903ರ ಅವರ ವ್ಯಾಕರಣವು ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಟ್ಟಿಗೆ ವಿವರಿಸುತ್ತದೆ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಓದಿದ್ದನ್ನು ಕಿಟೆಲ್ ಯಾವುದಾದರೊಂದು ರಚನೆಯಾಗಿ ಮಾರ್ಪಡಿಸಿದರು. ಛಂದಸ್ಸನ್ನು ತಿಳಿದುಕೊಳ್ಳುವುದು, ಆ ಛಂದಸ್ಸಿನಲ್ಲಿ ಬರೆಯುವುದು, ಛಂದೋಗ್ರಂಥವನ್ನು ಸಂಪಾದಿಸುವುದು ಇವು ಪರಸ್ಪರ ಪೋಷಕವಾದ ಕೆಲಸಗಳು.

3.3 ಜಾನ್ ಫೇತ್‌ಫುಲ್ ಫ್ಲೀಟ್. 1867ರಲ್ಲಿ ಮುಂಬಯಿ ಪ್ರಾಂತದ ಸೇವೆಗೆ ಸೇರಿದ ಫ್ಲೀಟ್ ಅವರ ಹೆಸರು ಶಾಸನಾಧ್ಯಯನದೊಂದಿಗೆ ಬೆಸೆದುಕೊಂಡಿದೆ. ಅವರು ಕೇವಲ ಕಲ್ಲಿನ ಮೇಲಿನ ಕನ್ನಡವನ್ನು ಓದಿದವರಲ್ಲ ಎಂಬುದು ನಮಗೆ ಹೆಚ್ಚು ಮುಖ್ಯ. ಈ ಭಾಗದ ಜನರ ಬಾಯಲ್ಲಿದ್ದ ಲಾವಣಿಗಳನ್ನು ಅವರು ಸಂಗ್ರಹಿಸಿ, ಅನುವಾದದೊಡನೆ 1885ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಬೈಲಹೊಂಗಲ ತಾಲೂಕಿನ ಸಂಗೊಳ್ಳಿಯ ರಾಯಣ್ಣನನ್ನು ಕುರಿತ ಲಾವಣಿಯೂ, ಹಲಗಲಿಯ ಬೇಡರ ದಂಗೆಯ ಲಾವಣಿಯೂ ಸೇರಿವೆ. ಬ್ರಿಟಿಷ್ ಆಡಳಿತದ ವಿರುದ್ಧ ಎದ್ದವರ ಕಥೆಗಳನ್ನು ಆ ಆಡಳಿತದ ಅಧಿಕಾರಿಯೇ ಜನರ ನುಡಿಯಲ್ಲಿ ಕೇಳಿ ಬರೆದುಕೊಂಡದ್ದು ಗಮನಾರ್ಹ. ಶಾಸನದ ಹಳಗನ್ನಡ, ಲಾವಣಿಯ ಆಡುಗನ್ನಡ ಎಂಬ ಎರಡು ತುದಿಗಳನ್ನೂ ಅವರು ಮುಟ್ಟಿದರು.

3.4 ಒಂದು ಎಚ್ಚರಿಕೆ. ಈ ಮೂವರಿಗೂ ಅಧಿಕಾರ ಅಥವಾ ಸಂಸ್ಥೆಯ ಬೆಂಬಲವಿತ್ತು. ಪಾಠ ಹೇಳುವ ದೇಶೀಯ ಪಂಡಿತರೂ ಮುನ್ಷಿಗಳೂ ದೊರೆಯುತ್ತಿದ್ದರು. ಕಲಿಕೆಗೆ ದಶಕಗಳೇ ಸಿಕ್ಕವು. ಅವರಂತೆಯೇ ಬಂದು ಕನ್ನಡ ಕಲಿಯದೆ ಮರಳಿದವರ ದಾಖಲೆಗಳು ನಮ್ಮ ಮುಂದಿಲ್ಲ. ಗೆದ್ದವರನ್ನಷ್ಟೇ ನೋಡಿ ಗೆಲುವಿನ ಸೂತ್ರವನ್ನು ಕಟ್ಟಲಾಗದು. ಆದರೂ ಮೂವರಲ್ಲಿ ಸಮಾನವಾದ ಒಂದು ಲಕ್ಷಣವಿದೆ: ಅವರ ಸಾಮಗ್ರಿ ಅಭ್ಯಾಸಕ್ಕೆಂದು ತಯಾರಾದ ಪಾಠಗಳಾಚೆಗೆ ಹೋಯಿತು ಮತ್ತು ಆ ಸಾಮಗ್ರಿಯೊಡನೆ ಅವರು ಮಾಡಬೇಕಾದ ನಿಜವಾದ ಕೆಲಸವೊಂದಿತ್ತು. ಹತ್ತು ವರ್ಷ ನಡೆಯುವ ಕಲಿಕೆಗೆ ಮೊದಲ ದಿನದ ಪ್ರೇರಣೆ ಸಾಲುವುದಿಲ್ಲ; ಕೆಲಸವೇ ಅದನ್ನು ನವೀಕರಿಸುತ್ತಿರಬೇಕು.

4. ಸಾಮಗ್ರಿಯ ಆಯ್ಕೆ: ಭಾಷಾವೈಜ್ಞಾನಿಕ ಮಾನದಂಡಗಳು

4.1 ಪದವ್ಯಾಪ್ತಿ. ಇಂಗ್ಲಿಷ್ ಕಥನ ಪಠ್ಯವನ್ನು ಕುರಿತ ಹು ಮತ್ತು ನೇಶನ್ (2000) ಅವರ ಅಧ್ಯಯನವು, ನೆರವಿಲ್ಲದೆ ಓದಿ ತಿಳಿಯಲು ಪಠ್ಯದ ಶೇ. 98ರಷ್ಟು ಪದಗಳು ಪರಿಚಿತವಾಗಿರಬೇಕೆಂದು ಸೂಚಿಸಿತು. ಅಂದರೆ ಐವತ್ತು ಪದಗಳಿಗೆ ಒಂದು ಅಪರಿಚಿತ ಪದ. ಈ ಅಳತೆಯನ್ನು ಕನ್ನಡಕ್ಕೆ ಇದ್ದಂತೆಯೇ ಅನ್ವಯಿಸಲಾಗದು. ಕನ್ನಡದಲ್ಲಿ ‘ಮನೆ’ ತಿಳಿದವರಿಗೆ ‘ಮನೆಯಲ್ಲಿದ್ದವರಿಗೂ’ ತಿಳಿಯಬೇಕೆಂದಿಲ್ಲ. ಎರಡೂ ಬರಹದಲ್ಲಿ ಒಂದೊಂದು ಪದವೇ. ಆದರೆ ಎರಡನೆಯದು ಪ್ರಕೃತಿ, ವಿಭಕ್ತಿ, ಕೃದಂತ, ಅವ್ಯಯಗಳ ಒಂದು ಸರಣಿ.

ಆದ್ದರಿಂದ ಕನ್ನಡ ಕಲಿಯುವವರು ಅಪರಿಚಿತ ಪದಗಳನ್ನು ಎರಡು ಬಗೆಯಾಗಿ ಎಣಿಸುವುದು ಉಚಿತ. ಆಯ್ದ ಪುಟದ ನೂರು ಪದಗಳಲ್ಲಿ ಪ್ರಕೃತಿಯೇ ತಿಳಿಯದವು ಎಷ್ಟು, ಪ್ರಕೃತಿ ತಿಳಿದಿದ್ದು ಪ್ರತ್ಯಯ ತಿಳಿಯದವು ಎಷ್ಟು ಎಂದು ನೋಡಬೇಕು. ಮೊದಲನೆಯವು ಐದನ್ನು ಮೀರಿದರೆ ಆ ಪುಸ್ತಕವನ್ನು ಸದ್ಯಕ್ಕೆ ಬದಿಗಿಡಬಹುದು. ಎರಡನೆಯವು ಹೆಚ್ಚಿದ್ದರೆ ಪುಸ್ತಕವನ್ನು ಬಿಡಬೇಕಾಗಿಲ್ಲ. ಪದೇ ಪದೇ ಬರುವ ಒಂದೆರಡು ಪ್ರತ್ಯಯಗಳನ್ನು ವ್ಯಾಕರಣದಲ್ಲಿ ನೋಡಿಕೊಂಡರೆ ಅದೇ ಪುಟ ಸುಲಭವಾಗುತ್ತದೆ. ಐದು ಎಂಬುದು ಪ್ರಯೋಗಸಿದ್ಧ ಮಿತಿಯಲ್ಲ, ಬಳಕೆಗೆ ಅನುಕೂಲವಾದ ಸೂಚನೆ.

4.2 ನಿಘಂಟಿನ ದಾರಿ. ‘ತಂದ’, ‘ಬಿದ್ದ’, ‘ನಿಂತ’, ‘ಕದ್ದ’, ‘ಎದ್ದ’ ಎಂಬ ರೂಪಗಳನ್ನು ಕಂಡ ಹೊಸಬರು ಅವುಗಳನ್ನು ‘ತರು’, ‘ಬೀಳು’, ‘ನಿಲ್ಲು’, ‘ಕದಿ’, ‘ಏಳು’ ಎಂಬಲ್ಲಿ ಹುಡುಕಬೇಕೆಂದು ಹೇಗೆ ತಿಳಿಯಬೇಕು? ನಿಘಂಟು ಕೈಯಲ್ಲಿದ್ದೂ ಪದ ಸಿಗದಿರುವುದು ಸಾಮರ್ಥ್ಯದ ಅನುಭವವನ್ನೇ ಕುಗ್ಗಿಸುತ್ತದೆ. ಜರ್ಮನ್ ಕಲಿಯುವ ಕನ್ನಡಿಗರಿಗೂ ಇದೇ ತೊಡಕು: ‘ಗಿಂಗ್’ ಎಂಬುದು ‘ಗೇಯೆನ್’ (ಹೋಗು) ಧಾತುವಿನ ಭೂತರೂಪ, ‘ದೂರವಾಣಿ ಕರೆ ಮಾಡು’ ಎಂಬರ್ಥದ ‘ಆನ್‌ರೂಫೆನ್’ ಕ್ರಿಯಾಪದದ ಮೊದಲ ಭಾಗ ವಾಕ್ಯದಲ್ಲಿ ಬೇರ್ಪಟ್ಟು ಕೊನೆಗೆ ಹೋಗುತ್ತದೆ. ಆದುದರಿಂದ ಆರಂಭದ ಪಠ್ಯಪುಸ್ತಕದಲ್ಲಿ ಇಂತಹ ರೂಪಗಳ ಪಟ್ಟಿಯಿದೆಯೇ ಎಂಬುದನ್ನು ಕೊಳ್ಳುವ ಮೊದಲೇ ನೋಡಬೇಕು.

4.3 ಉಪಭಾಷೆಯ ಹೊಂದಾಣಿಕೆ. ಕನ್ನಡ ಕಲಿಯಲು ಉಪಯುಕ್ತ ಗ್ರಂಥಗಳಿಗೆ ಕೊರತೆಯಿಲ್ಲ. ಸ್ಪೆನ್ಸರ್ ಅವರ ಅಭ್ಯಾಸಸಹಿತ ವ್ಯಾಕರಣ (1914), ಯು. ಪಿ. ಉಪಾಧ್ಯಾಯ ಮತ್ತು ಎನ್. ಡಿ. ಕೃಷ್ಣಮೂರ್ತಿ ಅವರ ಸಂಭಾಷಣಾ ಕನ್ನಡ (1972), ಶಿಫ್ಮನ್ ಅವರ ಆಡುಗನ್ನಡದ ವ್ಯಾಕರಣ (1983), ಜೈಡನ್‌ಬಾಸ್ ಅವರ ಆಧುನಿಕ ಕನ್ನಡದ ಕೈಪಿಡಿ (2020) ಇವುಗಳಲ್ಲಿ ಕೆಲವು. 1969ರಲ್ಲಿ ಸ್ಥಾಪಿತವಾದ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನವೂ ಈ ದಿಸೆಯಲ್ಲಿ ಕೆಲಸ ಮಾಡಿದೆ. ಆದರೆ ಬರಹದ ಕನ್ನಡವನ್ನೋ ದಕ್ಷಿಣದ ಶಿಷ್ಟ ಆಡುನುಡಿಯನ್ನೋ ಪುಸ್ತಕದಿಂದ ಕಲಿತು ಕಿತ್ತೂರು ಸೀಮೆಗೆ ಬಂದವರಿಗೆ ಕೇಳಿಸುವುದು ಬೇರೆ ರೂಪಗಳು. ‘ಏನು ಮಾಡುತ್ತಿದ್ದೀರಿ?’ ಎಂಬುದು ‘ಏನ್ ಮಾಡಾಕತ್ತೀರಿ?’ ಆಗಿ, ‘ಹೋಗಿದ್ದಾನೆ’ ಎಂಬುದು ‘ಹೋಗ್ಯಾನ’ ಆಗಿ, ‘ಮನೆಯಲ್ಲಿ ಇದೆ’ ಎಂಬುದು ‘ಮನ್ಯಾಗ ಐತಿ’ ಆಗಿ ಕಿವಿಗೆ ಬೀಳುತ್ತದೆ. ಆರು ತಿಂಗಳು ಕಲಿತದ್ದೆಲ್ಲ ವ್ಯರ್ಥವಾಯಿತೆಂಬ ಭಾವನೆ ಮೂಡುವುದು ಇಲ್ಲಿಯೇ.

ವಾಸ್ತವದಲ್ಲಿ ಈ ವ್ಯತ್ಯಾಸಗಳು ಕ್ರಮಬದ್ಧ. ಸ್ಥಳವನ್ನು ಸೂಚಿಸುವ ‘-ಅಲ್ಲಿ’ಗೆ ‘-ಆಗ’ ಬರುತ್ತದೆಂದು ಒಮ್ಮೆ ತಿಳಿದರೆ ‘ಹೊಲದಾಗ’, ‘ಊರಾಗ’, ‘ಕೈಯಾಗ’ ಎಲ್ಲವೂ ತೆರೆದುಕೊಳ್ಳುತ್ತವೆ. ಪಠ್ಯಪುಸ್ತಕವನ್ನು ಬದಲಿಸುವುದಕ್ಕಿಂತ, ಸ್ಥಳೀಯರ ಸಹಾಯದಿಂದ ಇಂತಹ ಇಪ್ಪತ್ತು–ಮೂವತ್ತು ಸಮಾನರೂಪಗಳ ಪಟ್ಟಿಯನ್ನು ಸಿದ್ಧಪಡಿಸಿಕೊಳ್ಳುವುದು ಲಾಭದಾಯಕ. ಶಾಸನಕ್ಕೆ ಲಾವಣಿಯನ್ನು ಜೋಡಿಸಿದ ಫ್ಲೀಟ್ ಅವರ ಕ್ರಮ ಇಲ್ಲಿ ಮಾದರಿಯಾಗಬಲ್ಲದು.

4.4 ಸಂಖ್ಯೆಯ ಮಿತಿ. ಪುಸ್ತಕ, ಧ್ವನಿಪಾಠ, ಮೊಬೈಲ್ ಆ್ಯಪ್‌ಗಳು ಹೇರಳವಾಗಿರುವ ಇಂದು ಕೊರತೆಗಿಂತ ಸಮೃದ್ಧಿಯೇ ತೊಡಕಾಗಿದೆ. ಪ್ರತಿಯೊಂದು ಹೊಸ ಪುಸ್ತಕವೂ ಮತ್ತೆ ಮೊದಲ ಪಾಠದಿಂದಲೇ ಆರಂಭಿಸುತ್ತದೆ. ಪುಸ್ತಕಗಳನ್ನು ಬದಲಿಸುತ್ತ ಹೋದವರು ಎಲ್ಲ ಪುಸ್ತಕಗಳ ಮೊದಲ ಐದು ಪಾಠಗಳಲ್ಲಿ ಪರಿಣತರಾಗುತ್ತಾರೆ. ಒಂದು ಕ್ರಮಬದ್ಧ ಪಠ್ಯ, ಒಂದು ನಿಘಂಟು, ಓದಲು ಅಥವಾ ಕೇಳಲು ತಮ್ಮ ಆಸಕ್ತಿಯ ಒಂದು ಮೂಲ, ಮಾತನಾಡಲು ಒಬ್ಬ ವ್ಯಕ್ತಿ ಈ ನಾಲ್ಕು ಒಂದು ವರ್ಷಕ್ಕೆ ಸಾಕು. ಇವುಗಳಲ್ಲಿ ನಾಲ್ಕನೆಯದನ್ನು ಪುಸ್ತಕದಂಗಡಿಯಲ್ಲಿ ಕೊಳ್ಳಲಾಗದು. ಡೆಸಿ ಮತ್ತು ರಯಾನ್ ಹೇಳುವ ‘ಸಂಬಂಧ’ ದೊರೆಯುವುದು ಅಲ್ಲಿಯೇ.

5. ಉಪಸಂಹಾರ

ಪ್ರೇರಣೆಯಿದ್ದರೆ ಯಾವ ಸಾಮಗ್ರಿಯಾದರೂ ಆದೀತು ಎಂಬ ನಂಬಿಕೆಯೂ, ಉತ್ತಮ ಸಾಮಗ್ರಿಯಿದ್ದರೆ ಪ್ರೇರಣೆ ತಾನಾಗಿ ಬರುತ್ತದೆ ಎಂಬ ನಂಬಿಕೆಯೂ ಅರ್ಧಸತ್ಯಗಳು. ಕಲಿಯುವವನ ಇಂದಿನ ಸಾಮರ್ಥ್ಯಕ್ಕೆ ಎಟುಕುವ, ಅವನು ನಿಜವಾಗಿ ಮಾಡಬೇಕಾದ ಕೆಲಸಕ್ಕೆ ಹತ್ತಿರವಾದ, ಸುತ್ತಣ ಜನರ ನುಡಿಗೆ ಹೊಂದುವ ಸಾಮಗ್ರಿಯು ಸಣ್ಣ ಸಣ್ಣ ಸಫಲತೆಗಳನ್ನು ಕೊಡುತ್ತದೆ. ಆ ಸಫಲತೆಗಳೇ ಮುಂದಿನ ಪುಟವನ್ನು ತೆರೆಸುತ್ತವೆ. ಕನ್ನಡದ ಮಟ್ಟಿಗೆ ಎರಡು ಕೆಲಸಗಳು ತುರ್ತಾಗಿ ಆಗಬೇಕಾಗಿವೆ. ಮೊದಲನೆಯದು, ಪದಗಳನ್ನಲ್ಲದೆ ಪ್ರಕೃತಿ–ಪ್ರತ್ಯಯಗಳನ್ನು ಎಣಿಸಿ ಶ್ರೇಣೀಕರಿಸಿದ ಓದುಪುಸ್ತಕಗಳ ರಚನೆ. ಎರಡನೆಯದು, ಪ್ರಾದೇಶಿಕ ರೂಪಗಳನ್ನು ತಪ್ಪೆಂದು ಬಗೆಯದೆ ಪಾಠದ ಭಾಗವಾಗಿ ಒಳಗೊಳ್ಳುವ ಕೈಪಿಡಿಗಳ ರಚನೆ. ದೇಗಾಂವದ ಆಸ್ಪತ್ರೆಗೆ ಬರುವ ಹೊಸ ದಾದಿಗೆ ‘ಎಲ್ಲಿ ನೋಯುತ್ತಿದೆ?’ ಎಂಬ ಪ್ರಶ್ನೆಯಷ್ಟೇ ಸಾಲದು. ‘ಹೊಟ್ಟ್ಯಾಗ ನೋಯಾಕತ್ತೈತ್ರಿ’ ಎಂಬ ಉತ್ತರವೂ ತಿಳಿಯಬೇಕು. ಅಂತಹ ಪಾಠವನ್ನು ಬರೆಯಬೇಕಾದುದು ಭಾಷಾವಿಜ್ಞಾನಿಗಳ ಹೊಣೆ.