ಕೊಡಪಾನದ ಕತ್ತು, ಕಾಡತೂಸಿನ ಕತ್ತು: ಹಿತ್ತಾಳೆ ಒಂದೇ ಅಳತೆಗೆ ಬರುವುದು ಹೇಗೆ?



ಹೊರದೇಶಗಳಲ್ಲಿ ನೆಲೆಸಿರುವ ನಮ್ಮ ಕುಟುಂಬಗಳ ಕೆಲವು ಯುವಕರು ರೈಫಲ್ ಶೂಟಿಂಗ್ ಕ್ರೀಡೆಯಲ್ಲಿದ್ದಾರೆ. ಅಲ್ಲಿನ ಕಾನೂನಿನಂತೆ ಅವರು ಖಾಲಿ ಕಾಡತೂಸುಗಳನ್ನು ಅಚ್ಚಿನಲ್ಲಿ ಒತ್ತಿ, ಮೊದಲಿನ ಅಳತೆಗೆ ತಂದು ಮತ್ತೆ ಬಳಸುತ್ತಾರೆ. ಅಚ್ಚು ಒಂದೇ, ಕೈಯೂ ಒಂದೇ. ಆದರೂ ಹತ್ತು ಕಾಡತೂಸು ಹತ್ತು ಅಳತೆಗೆ ಬರುತ್ತವೆ. ಯಾಕೆ?

ಉತ್ತರ ನಮ್ಮ ಮನೆಯ ಹಿತ್ತಾಳೆ ಕೊಡಪಾನದಲ್ಲೇ ಇದೆ. ನೆಗ್ಗಿದ ಕೊಡಪಾನವನ್ನು ಬಡಿದಷ್ಟೂ ಲೋಹ ಗಟ್ಟಿಯಾಗುತ್ತದೆ, ಕೊನೆಗೆ ಬಿರಿಯುತ್ತದೆ. ಅದಕ್ಕೇ ಪಾತ್ರೆ ಮಾಡುವವರು ನಡುನಡುವೆ ಅದನ್ನು ಕಾಯಿಸಿ ಮೆತ್ತಗೆ ಮಾಡಿಕೊಳ್ಳುತ್ತಾರೆ. ಕಾಡತೂಸಿನದೂ 70 ಪಾಲು ತಾಮ್ರ, 30 ಪಾಲು ಸತು ಬೆರೆತ ಹಿತ್ತಾಳೆ. ಗುಂಡು ಹಾರಿದಾಗ ಅದು ಉಬ್ಬುತ್ತದೆ, ಅಚ್ಚಿನಲ್ಲಿ ಕುಗ್ಗುತ್ತದೆ. ಪ್ರತಿ ಸಲವೂ ಗಟ್ಟಿಯಾಗುತ್ತ ಹೋಗುತ್ತದೆ. ಗಟ್ಟಿ ಹಿತ್ತಾಳೆ ಒತ್ತಿ ಬಿಟ್ಟ ಕೂಡಲೇ ಸ್ವಲ್ಪ ಹಿಂದಕ್ಕೆ ಪುಟಿಯುತ್ತದೆ. ಮೆತ್ತಗಿನದು ಒತ್ತಿದಲ್ಲೇ ನಿಲ್ಲುತ್ತದೆ. ಎರಡನ್ನೂ ಬೆರೆಸಿದರೆ ಅಳತೆ ಒಂದಾಗುವುದಿಲ್ಲ.

ಗಮನಿಸಬೇಕಾದ್ದು ಇಷ್ಟು:

1. ಒಂದೇ ಕಂಪೆನಿಯ, ಅಷ್ಟೇ ಸಲ ಬಳಸಿದ ಕಾಡತೂಸುಗಳನ್ನು ಒಟ್ಟಿಗೆ ಇಡಬೇಕು.

2. ಎಣ್ಣೆಯನ್ನು ತೆಳ್ಳಗೆ, ಒಂದೇ ಸಮನೆ ಸವರಬೇಕು. ಹೆಚ್ಚಾದರೆ ಭುಜದಲ್ಲಿ ನೆಗ್ಗು ಬೀಳುತ್ತದೆ, ಕಡಿಮೆಯಾದರೆ ಅಚ್ಚಿನಲ್ಲಿ ಸಿಕ್ಕಿಕೊಳ್ಳುತ್ತದೆ.

3. ಒತ್ತಿದ ಮೇಲೆ ಪ್ರತಿ ಸಲವೂ ಕೆಲವು ಸೆಕೆಂಡು ಹಾಗೆಯೇ ಹಿಡಿದಿಡಬೇಕು. ಪುಟಿಯುವುದು ಕಡಿಮೆಯಾಗುತ್ತದೆ.

4. ಭುಜದ ಅಳತೆಯನ್ನು ಗೇಜಿನಿಂದ ನೋಡಬೇಕು. ಸಾಮಾನ್ಯವಾಗಿ 0.05 ಮಿಲಿಮೀಟರಿನಷ್ಟು ಹಿಂದಕ್ಕೆ ತಳ್ಳಿದರೆ ಸಾಕು. ಅತಿಯಾದರೆ ಪ್ರತಿ ಗುಂಡಿಗೂ ಹಿತ್ತಾಳೆ ಹಿಗ್ಗಿ, ಬುಡದ ಹತ್ತಿರ ತೆಳ್ಳಗಾಗುತ್ತದೆ. ಅಲ್ಲಿ ಹೊಳೆಯುವ ಬಳೆಯಂಥ ಗೆರೆ ಕಂಡರೆ ಅದನ್ನು ಎಸೆಯಬೇಕು.

5. ಕಾಯಿಸುವುದಿದ್ದರೆ ಕತ್ತು ಮತ್ತು ಭುಜವನ್ನು ಮಾತ್ರ. ಬುಡ ಗಟ್ಟಿಯಾಗಿಯೇ ಇರಬೇಕು. ಅದು ಮೆತ್ತಗಾದರೆ ಕೋವಿಯೊಳಗೇ ಒಡೆದು ಕಣ್ಣು, ಕೈಗೆ ಅಪಾಯ.

ನಮ್ಮ ಮಳೆಗಾಲಕ್ಕೂ ಇದಕ್ಕೂ ಒಂದು ನಂಟಿದೆ. ಬ್ರಿಟಿಷರ ಕಾಲದಲ್ಲಿ ಭಾರತದ ಸೇನೆ ಕುದುರೆ ಲಾಯಗಳಲ್ಲಿ ಇಟ್ಟಿದ್ದ ಕಾಡತೂಸುಗಳು ಮಳೆಗಾಲದಲ್ಲಿ ತಾವಾಗಿಯೇ ಬಿರಿಯುತ್ತಿದ್ದವು. ಕಾರಣ 1921ರಲ್ಲಿ ಸ್ಪಷ್ಟವಾಯಿತು: ಕುದುರೆ ಮೂತ್ರದ ಅಮೋನಿಯಾ, ತೇವ, ಜೊತೆಗೆ ಒತ್ತಿ ಎಳೆದ ಹಿತ್ತಾಳೆಯೊಳಗೆ ಉಳಿದ ಬಿಗಿತ. ಈ ಮೂರೂ ಕೂಡಿದರೆ ಬಿರುಕು. ನಮ್ಮ ಹಿತ್ತಾಳೆ ಪಾತ್ರೆಗಳಿಗೂ ಇದೇ ಮಾತು. ಅವನ್ನು ಹಟ್ಟಿಯ ಹತ್ತಿರ, ಯೂರಿಯಾ ಚೀಲದ ಪಕ್ಕ ಇಡದಿರುವುದು ಒಳ್ಳೆಯದು.

ಕೊನೆಗೆ ಒಂದು ಎಚ್ಚರಿಕೆ. ಕೇರಳ ಸರಕಾರ 2022ರಲ್ಲಿ ಕಾಡುಹಂದಿ ಕೊಲ್ಲಿಸಲು ಆದೇಶಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ಕೊಟ್ಟ ಮೇಲೆ ಕೋವಿಯ ಮಾತು ನಮ್ಮ ಊರುಗಳಲ್ಲಿ ಹೆಚ್ಚಾಗಿದೆ. ಆದರೆ ಕೋವಿಯ ಪರವಾನಗಿ ಇದ್ದ ಮಾತ್ರಕ್ಕೆ ಕಾಡತೂಸು ತಯಾರಿಸುವ ಹಕ್ಕು ಬರುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಂತೆ ಅದಕ್ಕೆ ಬೇರೆಯೇ ಪರವಾನಗಿ ಬೇಕು. ಈ ಬರಹ ತಿಳಿವಳಿಕೆಗಾಗಿ ಮಾತ್ರ. ಮನೆಯಲ್ಲಿ ಪ್ರಯೋಗ ಬೇಡ.

ನಿಮ್ಮ ಮನೆಯ ಹಳೆಯ ಕೊಡಪಾನ ಬಿರಿದ ಕಥೆಯಿದ್ದರೆ ನಮಗೆ ಬರೆದು ಕಳುಹಿಸಿ.